ಹದಿನಾಲ್ಕು ಕ್ಲಿಪ್ಪು

ಮೊದಲ ಚಪ್ಪಲಿ ಬಿಡು. ಈ ಬಿಳೀ ಕಾಗದದ ಮ್ಯಾಲ
ಹೆಜ್ಜಿ ಮೂಡಿದರ ಎರಡು ಫೂಟು ಕತ್ತರಿಸಿ ಒಗೀತಾರ,
ಆ ರೊಕ್ಕಕ್ಕ ಶೇಠ ನನ್ನ ಮಾರಿ ನೋಡತಾನ.
ಹಾಂ, ಈಗ ನಿಂದ್ರು.

ಹಂಗಲ್ಲ. ಅದು ರೇಷನ್ ಪಾಳಿಯಾಗ ನಿಂತಂಗ ಆತು.
ಭಾರ ಎಲ್ಲಾ ಹಿಂದಿನ ಕಾಲಿಗೆ ಕೊಡು,
ಮುಂದಿನದು ಸುಮ್ಮ ನೆಲ ಮುಟ್ಟಿರಲಿ,
ಸಾಲ ಕೇಳಾಕ ಬಂದವ ಹೊಸ್ತಿಲದಾಗ
ಒಂದು ಕಾಲು ಇಡತಾನಲ್ಲ, ಹಂಗ.

ರಟ್ಟಿ ಮೈಗೆ ಒತ್ತಬ್ಯಾಡ, ದಪ್ಪ ಕಾಣತದ.
ಸೊಂಟಕ್ಕೂ ಕೈಗೂ ನಡುವ ಸಂದು ಬಿಡು,
ಒಂದು ಗುಬ್ಬಿ ಹಾರಿ ಹೋಗುವಷ್ಟು.
ಸೆರಗು ಹಾರಬೇಕಂದ್ರ ಚಿಂತಿ ಮಾಡಬ್ಯಾಡ,
ಅದರ ಚುಂಗು ಹಿಡಕೊಂಡು ನೆಲಕ್ಕ ಕುಂತಾನಲ್ಲ, ಇರ್ಷಾದ,
ಮೂರು ಅಂದಾಗ ಒಗೀತಾನ, ಬಗ್ಗಿ ಓಡತಾನ.
ಇಲ್ಲಿ ಗಾಳಿಯ ಪಗಾರ ದಿನಕ್ಕ ಆರುನೂರು.

ಗದ್ದ ಮುಂದ ತಾ, ಆಮ್ಯಾಲ ಕೆಳಗ.
ಗೊತ್ತದ, ಆಮಿ ಚಿಪ್ಪಿನಿಂದ ತಲಿ ತಗದಂಗ ಅನಸತದ.
ನಿನಗ ಅನಸೂದು ಬ್ಯಾರೆ, ಕ್ಯಾಮೆರಾಕ್ಕ ಕಾಣೂದು ಬ್ಯಾರೆ.
ಹಗುರ ಅನಿಸಿದ್ದೆಲ್ಲಾ ಅದರಾಗ ಜೋತು ಬೀಳತದ,
ನೋವಾದದ್ದು ಚಂದ ಬರತದ.
ಹಿಂಗ್ಯಾಕ ಅಂತ ಕೇಳಬ್ಯಾಡ, ನನಗೂ ಯಾರೂ ಹೇಳಿಲ್ಲ.

ಬೆರಳು. ಬೆರಳು ನೋಡು, ಮಹಾನಂದಾ.
ಇಲ್ಲಿ ನಿನ್ನ ಮಾಹಿ ಅಂತಾರ, ಪಟ್ಟಿಯಾಗೂ ಹಂಗ ಬರದಾರ,
ಅಕ್ಕಲಕೋಟದ ಹೆಸರು ಸಾಕಿನಾಕಾದ ಈ ಬಾಗಿಲದಾಗ ಹಿಡಿಸೂದಿಲ್ಲ.
ಅಂಗೈ ತೋರಸಬ್ಯಾಡ, ಹಿಂಗೈ ತೋರಸಬ್ಯಾಡ,
ಕೈಯ ಅಂಚು ತೋರಸು.
ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕೂ ಮುಂದ ಬೆರಳು ಇರತಾವಲ್ಲ,
ಮುಟ್ಟಿ ಮುಟ್ಟದಂಗ.

ಈಗ ತಿರುಗು. ಬೆನ್ನು ಇತ್ತ ಮಾಡು.
ಈ ಕುಪ್ಪಸ ನಿನಗ ಹೊಲಿದದ್ದಲ್ಲ, ಯಾರಿಗೂ ಅಲ್ಲ,
ಇದರಾಗ ನಿನ್ನಂಥವರು ಇಬ್ಬರು ಹಿಡಸತಾರ.
ಒಂದು... ಎರಡು... ಉಸಿರು ಬಿಗಿ ಹಿಡಿಬ್ಯಾಡ... ಐದು...
ಮುಂದಿಂದ ನೋಡಿದರ ರಾಣಿ,
ಹಿಂದಿಂದ ಅರಿವಿ ಒಣಹಾಕಿದ ಹಗ್ಗ.

ನಗು ಅಂದ ಕೂಡಲೆ ನಗಬ್ಯಾಡ.
ನಾಲಿಗಿ ಮ್ಯಾಲಿನ ಹಲ್ಲಿನ ಹಿಂದ ಇಡು,
ಕಣ್ಣು ಮುಚ್ಚು, ಎರಡು ಎಣಸು, ತಗಿ.
ಗಾಜು ನೋಡಬ್ಯಾಡ, ಅವನ ಹಿಂದ ಕಿಡಕಿ ಅದ,
ಅಲ್ಲಿ ವಿಮಾನ ಇಳೀತಾವ, ಅವುಗಳ ಹೊಟ್ಟಿ ನೋಡು.

ನನಗ ಹೆಂಗ ಗೊತ್ತು ಅಂತೀ?
ಮುಂಜಾನೆ ಏಳಕ್ಕ ನೀವ್ಯಾರೂ ಬಂದಿರೂದಿಲ್ಲ.
ಲೈಟು ಹಚ್ಚಿ ನೋಡಾಕ ಒಂದು ಮೈ ಬೇಕಲ್ಲ, ನನ್ನ ನಿಂದರಸತಾರ.
ಮಾರಿ ಮುಂದ ಬೂದಿ ಬಣ್ಣದ ರಟ್ಟು ಹಿಡೀತೀನಿ.
ನೀಲಗಂಗಾ, ಗದ್ದ ಕೆಳಗ. ನೀಲಗಂಗಾ, ಎಡಕ್ಕ.
ಹನ್ನೊಂದು ವರ್ಷಾತು. ನೀವು ನಿಂದ್ರೂ ಬೆಳಕೆಲ್ಲಾ
ಮೊದಲು ನನ್ನ ಮ್ಯಾಲ ಬಿದ್ದು ಅಳತಿ ಆದದ್ದು.
ಸಾವಿರಗಟ್ಟಲೆ ತಗದಾರ,
ಮಧ್ಯಾಹ್ನ ಅಳಸತಾರ, ಜಾಗಾ ಬೇಕಂತ.
ಒಮ್ಮೆ ಕೇಳಿದ್ನಿ, ಒಂದರೆ ಕೊಡ್ರಿ, ತಂಗಿಗೆ ಕಳಸತೀನಿ.
ಕೊಟ್ಟ, ಪಾಪ, ಒಳ್ಳೆಯವ.
ಬೆಳಕು ಭಾಳ ಚಂದ ಬಿದ್ದಿತ್ತು.
ರಟ್ಟಿನ ಮ್ಯಾಲ.

ಇರಲಿ. ಇವತ್ತು ನಲವತ್ತೆರಡು ಸೀರಿ.
ಇಪ್ಪತ್ತು ಆಗೂತನ ನೀರು ಕಮ್ಮಿ ಕುಡಿ,
ಪಿನ್ನು ಬಿಚ್ಚಿ ಮತ್ತ ಉಟ್ಟು ಬರೂದ್ರಾಗ ಅರ್ಧ ತಾಸು ಹೋಗತದ.
ಕಾಲು ನಡುಗಿದರ ಬೆರಳು ಮಡಚಿ ನೆಲ ಹಿಡಿ,
ಅದನ್ನ ಯಾರೂ ನೋಡೂದಿಲ್ಲ, ನಿರಿಗಿ ಮುಚ್ಚತದ.

ಮತ್ತ ಒಂದು ಮಾತು. ಹದಿನಾಲ್ಕು ಕ್ಲಿಪ್ಪು ಹಾಕೀನಿ,
ಸಂಜಿಗೆ ಹದಿನಾಲ್ಕೂ ವಾಪಸ ಬರಬೇಕು.
ಮೊದಲ ಹದಿನೈದು ಇದ್ದುವು.
ಹೋದ ದೀಪಾವಳಿ ಮುಂದ ಒಬ್ಬಾಕಿ ಬಂದಿದ್ಲು, ಕಸ್ತೂರಿ ಅಂತ,
ಯವ್ವಾ, ಏನು ನಿಂದರತಿದ್ಲು!
ಕಡೀ ಲೋಕಲ್ ತಪ್ಪತದ ಅಂತ ಘಾಟಕೋಪರಕ್ಕ ಓಡಿದ್ಲು,
ಸೆರಗು ಹಿಡಿಸಿದ ಕ್ಲಿಪ್ಪು ತುರುಬಿನಾಗ ಹಂಗ ಕಚ್ಚಿಕೊಂಡಿತ್ತು.
ಮರುದಿನ ಬರಲಿಲ್ಲ. ಫೋನು ಹತ್ತಲಿಲ್ಲ.
ಆ ಒಂದರ ರೊಕ್ಕ ನನ್ನ ಪಗಾರದಾಗ ಮುರಕೊಂಡಾರ.
ಹೊಸಾದು ತರಾಕ ಬರತಿತ್ತು. ತಂದಿಲ್ಲ.

ಬಂದ ನೋಡು ಅವ.
ಗದ್ದ.